ಗುಡ್ಡದ ಮೇಲೆ ದೊಣೆ ಎಷ್ಟು

ಅಂಗಳಕ್ಕೆ ಸೆಗಣಿನೀರು ಹೊಡೆಯಬೇಕು, ರಂಗೋಲಿ ಎಳೆಯಬೇಕು. ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ ಹಂಡೆ ಕಾಯಿಸಬೇಕು. ಬಾವಿಯಿಂದ ಹದಿನಾಲ್ಕು ಕೊಡ ನೀರು ಸೇದಬೇಕು, ಎಮ್ಮೆ ಹಿಂಡಬೇಕು, ಮಜ್ಜಿಗೆ ಕಡೆಯಬೇಕು, ಅತ್ತೆಯ ಪೂಜೆಗೆ ಪತ್ರೆ ತೊಳೆದಿಡಬೇಕು. ಇಷ್ಟಾದ ಮೇಲೆ ಸತ್ಯನಾರಾಯಣಪೇಟೆಯ ಆ ಮನೆಯಲ್ಲಿ ಬೆಳಗಾಗುತ್ತಿತ್ತು. ನೆಂಟರು ಬಂದ ದಿನ ಇದರ ಮೇಲೆ ಇನ್ನೊಂದು ಕೆಲಸ: ಗುಡ್ಡಕ್ಕೆ ಬುತ್ತಿ ಕಟ್ಟುವುದು.

ಬಳ್ಳಾರಿಗೆ ಬಂದವರು ಗುಡ್ಡ ಹತ್ತದೆ ಹೋಗುವ ಪದ್ಧತಿ ಇರಲಿಲ್ಲ. ಕೋರ್ಟಿನ ಕೆಲಸವೋ, ಕಣ್ಣಿನ ಡಾಕ್ಟರೋ, ಹೆಣ್ಣು ನೋಡುವುದೋ, ಬಂದ ನೆಪ ಏನೇ ಇರಲಿ, ಮೊದಲ ದಿನ ದುರ್ಗಮ್ಮನ ಗುಡಿ, ಸಂಜೆಗೆ ಟಾಕೀಸು, ಮರುದಿನ ಕೋಟೆ. ವಿರೂಪಮ್ಮ ಕುರುಗೋಡಿನಿಂದ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷವೂ ಆಕೆ ಬುತ್ತಿ ಕಟ್ಟಿದಳೇ ಹೊರತು ಗುಡ್ಡ ಹತ್ತಿರಲಿಲ್ಲ. ಹಿತ್ತಲಲ್ಲಿ ಒರಳಿನಿಂದ ತಲೆ ಎತ್ತಿದರೆ ಗೋಡೆಯಾಚೆ ಅದೇ ಕಾಣುತ್ತಿತ್ತು, ಬೋಳು ಬಂಡೆ, ಅದರ ಮೇಲೊಂದು ಕೋಟೆಯ ಅಂಚು.

ಇಳಿದು ಬಂದವರನ್ನೆಲ್ಲ ಆಕೆ ಕೇಳುತ್ತಿದ್ದಳು, "ಮ್ಯಾಲೆ ಏನೇನೈತ್ರಿ?"

"ಗಾಳಿ ಭಾಳ ಐತಿ," ಅನ್ನುತ್ತಿದ್ದರು. "ಚಟ್ನಿಗೆ ಉಪ್ಪು ಒಂಚೂರು ಕಡಿಮಿ ಆಗಿತ್ತು ನೋಡು," ಅನ್ನುತ್ತಿದ್ದರು.

ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿರುವುದನ್ನು ನೋಡದೆ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಹೈದರಾಲಿ ನೇಣಿಗೆ ಹಾಕಿಸಿದನೆಂಬ ಕಥೆಯನ್ನು ಗಂಡಸರೆಲ್ಲ ಹೇಳುತ್ತಿದ್ದರು. ವಿರೂಪಮ್ಮನಿಗೆ ಬೇಕಾಗಿದ್ದದ್ದು ನೀರಿನ ಕಥೆ. ಮೇಲೆ ದಂಡು ಇತ್ತಂತೆ, ಹೆಂಗಸರು ಮಕ್ಕಳೂ ಇದ್ದರಂತೆ. ಬಳ್ಳಾರಿಯ ಬೇಸಿಗೆಯಲ್ಲಿ, ಆ ಬಂಡೆಯ ನೆತ್ತಿಯಲ್ಲಿ, ಅಷ್ಟು ಜನಕ್ಕೆ ನೀರು ಸೇದುತ್ತಿದ್ದವರು ಯಾರು? ಬಂಡೆಯ ನಡುವೆ ಮಳೆನೀರು ನಿಲ್ಲುವ ದೊಣೆಗಳಿವೆ ಎಂದು ಯಾರೋ ಹೇಳಿದರು. ಎಷ್ಟಿವೆ ಎಂದರೆ ಒಬ್ಬರು ಎರಡು ಅಂದರು. ಸಿರುಗುಪ್ಪದ ನಾದಿನಿ, ಗಂಡನ ಅಕ್ಕ ಹೊನ್ನೂರಮ್ಮ ಖಂಡಿತವಾಗಿ ಐದು ಅಂದಳು. ಗಂಡ ಗಾದಿಲಿಂಗಪ್ಪ ನಕ್ಕುಬಿಟ್ಟ.

"ಇರ್ತಾವ ಮೂರೋ ನಾಕೋ. ನೀ ಏನು ಅಲ್ಲಿ ಅರಿವಿ ಒಗಿಯಾಕ ಹೋಗಾಕಿ ಏನು?"

ಐವತ್ತೆರಡನೆಯ ಇಸವಿಯ ಸಂಕ್ರಾಂತಿಗೆ ಹೊನ್ನೂರಮ್ಮ ಗಂಡ ಚಿದಾನಂದಪ್ಪನ ಜೊತೆ ಮತ್ತೆ ಬಂದಳು. ಆತ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟವನು. ಬುತ್ತಿ ಹೊರುವ ಜಡೆಪ್ಪನಿಗೆ ಅಂದು ಜ್ವರ. ಅತ್ತೆ ಕೊಟ್ರಮ್ಮ ಕಂಬಕ್ಕೆ ಒರಗಿ, "ನೀನ ಹೊತ್ಕೊಂಡು ಹೋಗು," ಅಂದಳು. "ಎಲ್ಲಾರಿಗೂ ನೀಡಿ, ನೀ ಉಂಡು, ದೀಪ ಹಚ್ಚೋದ್ರಾಗ ಬಂದಿರಬೇಕು."

ವಿರೂಪಮ್ಮ ಮುಖ ಒಲೆಯ ಕಡೆ ತಿರುಗಿಸಿಕೊಂಡೇ "ಹೂನ್ರಿ" ಅಂದಳು.

ಅಳಿಯನಿಗೆ ಎಲೆಯಲ್ಲಿ ನೀಡುವುದು ಮರ್ಯಾದೆಯಲ್ಲವೆಂದು ಅತ್ತೆ ಹಿತ್ತಾಳೆ ತಾಟುಗಳನ್ನೇ ಬುಟ್ಟಿಗೆ ಹೇರಿದ್ದಳು. ಅದರ ಮೇಲೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನದ ತಪ್ಪಲೆ. ಅಷ್ಟನ್ನೂ ತಲೆಯ ಮೇಲಿಟ್ಟುಕೊಂಡು ವಿರೂಪಮ್ಮ ಎಲ್ಲರಿಗಿಂತ ಮುಂದೆ ಹತ್ತಿದಳು. ಕುರುಗೋಡಿನಲ್ಲಿ, ದೊಡ್ಡ ಬಸವಣ್ಣನನ್ನು ನೋಡಲು ಬಂದವರಿಗೆ ಅವ್ವ ಮಜ್ಜಿಗೆ ಕೊಡುತ್ತ ಕೂತಿದ್ದರೆ, ಈಕೆ ಗುಡ್ಡಕ್ಕೆ ಕಟ್ಟಿಗೆ ಆರಿಸಲು ಹೋಗುತ್ತಿದ್ದಳು. ಕಾಲಿಗೆ ಬಂಡೆ ಹೊಸದಲ್ಲ.

ಚಿದಾನಂದಪ್ಪ ಮೂರು ಕಡೆ ಕೂತ. ಅರ್ಧ ದಾರಿಯ ಕಲ್ಲುಬಾಗಿಲಿನ ನೆರಳಿಗೆ ಬಂದಾಗ ನಾಲ್ಕನೆಯ ಸಲ ಕೂತು, ಏಳಲಿಲ್ಲ.

"ತಂಗೆಮ್ಮ, ಬುತ್ತಿ ಬಿಚ್ಚು."

"ಮ್ಯಾಲೆ ಹೋಗಿ ಉಂಡ್ರ ಚಲೋ ಇತ್ತು, ಮಾವಾರ," ಅಂದ ಗಾದಿಲಿಂಗಪ್ಪ.

"ಮ್ಯಾಲೆ ಬ್ಯಾರೆ ರೊಟ್ಟಿ ಬೇಯಿಸಿಟ್ಟಾರೇನು? ಅದ ಬಂಡಿಗಲ್ಲು, ಅದ ಗಾಳಿ."

ಉಂಡ ಮೇಲಾದರೂ ಹತ್ತುತ್ತಾರೆಂದು ವಿರೂಪಮ್ಮ ನೀಡಿದಳು. ಕೇಳಿದವರಿಗೆ ಎರಡೆರಡು ಸಲ ನೀಡಿದಳು. ಉಂಡು ಕೈ ತೊಳೆದ ಚಿದಾನಂದಪ್ಪ ಟವೆಲ್ ಹಾಸಿಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ ಆಮೇಲೆ ಇಳಿಯೋಣ ಎಂದು ಮಲಗಿಬಿಟ್ಟ.

"ಮ್ಯಾಲೆ ಹೋಗಂಗಿಲ್ಲೇನ್ರಿ?" ಆಕೆ ಗಂಡನನ್ನು ಕೇಳಿದಳು.

"ಮತ್ತೊಮ್ಮಿ ನೋಡೋಣು. ನೀ ಉಂಡು ಮುಸುರಿ ತಿಕ್ಕಿಡು. ಅಷ್ಟರಾಗ ಅವರು ಏಳ್ತಾರ." ಆತ ಎಲೆಅಡಿಕೆ ತೆಗೆದು ಊರಿನ ಕಡೆ ಮುಖ ಮಾಡಿ ಕೂತ.

ಹೊನ್ನೂರಮ್ಮ ಗೋಡೆಗೆ ಒರಗಿ ಕಾಲು ಚಾಚಿದಳು. "ನಾ ನಾಕು ಸಲ ಬಂದೀನಿ, ವಿರೂಪಿ. ಈ ಬಾಗಲಾ ದಾಟಿಲ್ಲ. ಊರಾಗ ಕೇಳಿದ್ರ ಕ್ವಾಟಿ ನೋಡೀನಿ ಅಂತೀನಿ."

"ಮತ್ತ ದೊಣಿ ಐದು ಅದಾವ ಅಂದಿದ್ರಲ್ರಿ, ಅಕ್ಕಾರ?"

"ನೀ ಬಿಡದಂಗ ಕೇಳಿದಿ. ಏನರ ಒಂದು ಅನಬೇಕಲ್ಲ." ನಕ್ಕು, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಗಂಡ ಹೆಂಡತಿ ಇಬ್ಬರ ಉಸಿರೂ ಒಂದೇ ಲಯಕ್ಕೆ ಬಂತು.

ವಿರೂಪಮ್ಮ ಬುಟ್ಟಿಯ ಮುಂದೆ ಕೂತಳು. ತನ್ನ ಪಾಲಿಗೆ ಎರಡು ರೊಟ್ಟಿ, ತಪ್ಪಲೆಯ ತಳದಲ್ಲಿ ಒಂದು ಹಿಡಿ ಮೊಸರನ್ನ ಉಳಿದಿದ್ದವು. ಎದುರಿಗೆ ಮೂರು ತಾಟು, ಒಂದು ಬೋಗುಣಿ, ಬಿಸಿಲಿಗೆ ಆಗಲೇ ಅಂಚು ಒಣಗತೊಡಗಿತ್ತು. ಮುಸುರೆ ಒಣಗಲು ಬಿಟ್ಟ ಸೊಸೆ ಮನೆಗೆ ಶನಿ ಎಂದು ಅತ್ತೆ ಹನ್ನೊಂದು ವರ್ಷ ಹೇಳಿದ್ದಳು, ಹನ್ನೊಂದು ವರ್ಷ ಈಕೆ ಒಂದು ದಿನವೂ ಬಿಟ್ಟಿರಲಿಲ್ಲ. ಊಟಕ್ಕೆ ಇಷ್ಟು ಹೊತ್ತು, ತಿಕ್ಕುವುದಕ್ಕೆ ಇಷ್ಟು ಹೊತ್ತು. ಆಮೇಲೆ ಚಿದಾನಂದಪ್ಪ ಏಳುತ್ತಾನೆ. ಮತ್ತೊಮ್ಮೆ ಎನ್ನುವುದು ಜಡೆಪ್ಪನಿಗೆ ಮತ್ತೊಮ್ಮೆ ಜ್ವರ ಬಂದರೆ ಮಾತ್ರ.

ಗಂಡನನ್ನು ಕೇಳಬಹುದಿತ್ತು. ಕೇಳಿದರೆ ಬರುವ ಉತ್ತರವೂ ಗೊತ್ತಿತ್ತು. ಸಂಜೆ ಮನೆಯಲ್ಲಿ ಆಗುವ ಮಾತೂ ಗೊತ್ತಿತ್ತು, ಅದು ಎಷ್ಟು ದಿನ ನಡೆಯುತ್ತದೆ ಎಂಬುದೂ.

ಆಕೆ ಒಂದು ರೊಟ್ಟಿಗೆ ಚಟ್ನಿ ಸವರಿ ಸುರುಳಿ ಸುತ್ತಿಕೊಂಡಳು. ತೊಳೆಯದ ತಾಟುಗಳನ್ನು ಒಂದರ ಮೇಲೊಂದು ಪೇರಿಸಿದಳು. ಯಾರಾದರೂ ತಿಕ್ಕುವುದಾದರೆ ತಿಕ್ಕಲಿ ಎಂದು ನೀರಿನ ತಂಬಿಗೆಯನ್ನು ಅವುಗಳ ಪಕ್ಕಕ್ಕೇ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಲಗಿದ್ದ ನಾದಿನಿಯ ಕಾಲು ದಾಟಿ, ಬಾಗಿಲಿನ ಆಚೆಗೆ ಮೇಲಕ್ಕೆ ಹೋಗುವ ಮೆಟ್ಟಿಲು ಹತ್ತತೊಡಗಿದಳು.