ಪ್ರಾಗ್ ಚರ್ಚಿನ ಬಾಗಿಲಲ್ಲಿ ಭುಜಂಗ ಶೆಟ್ಟರು

ಇಂಗ್ಲೆಂಡಿನ ಡಡ್ಲಿಯಲ್ಲಿ ನೆಲೆಸಿದ ಭುಜಂಗ ಶೆಟ್ಟರು ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಎಂಜಿನಿಯರು. ಅದು ಸಂಬಳಕ್ಕೆ. ಮನಸ್ಸಿನಲ್ಲಿ ಅವರು ಸಕಲಕ್ಕೂ ಮೇಲ್ವಿಚಾರಕರು. ಅಲ್ಲೇ ಹತ್ತಿರದ ಟಿವಿಡೇಲ್ ದೇವಸ್ಥಾನದಲ್ಲಿ ಯಾರೂ ಕೇಳದಿದ್ದರೂ ಕಾರುಗಳಿಗೆ ಕೈ ಬೀಸಿ ಜಾಗ ತೋರಿಸುತ್ತಿದ್ದರು. ಕಾರಿನವರು ತಮಗೆ ಬೇಕಾದಲ್ಲಿ ನಿಲ್ಲಿಸುತ್ತಿದ್ದರು.

೨೦೦೪ರ ಈಸ್ಟರ್ ರಜೆಯಲ್ಲಿ ಅಗ್ಗದ ವಿಮಾನ ಸಿಕ್ಕಿತೆಂದು ಹೆಂಡತಿ ಸೇವಂತಿ ಮತ್ತು ಬೆಂಗಳೂರಿನ ಗೆಳೆಯ ಅಚ್ಯುತನೊಡನೆ ಪ್ರಾಗ್ ನೋಡಲು ಹೊರಟರು. ನೋಡಲು ಎಂದರೆ, ತೋರಿಸಲು. ಕೋಟೆಯೊಳಗಿನ ದೊಡ್ಡ ಚರ್ಚಿನ ಬಗ್ಗೆ ಲೈಬ್ರರಿಯಲ್ಲಿ ಕೂತು ಓದಿದ್ದರು. ಅಲ್ಲಿನ ಬಣ್ಣದ ಕಿಟಕಿಗಳ ಕೆಳಗೆ ನಿಂತು ಭಾಷಣ ಮಾಡದೆ ಅವರಿಗೆ ಈ ಪ್ರವಾಸ ದಕ್ಕುವಂತಿರಲಿಲ್ಲ. ಚರ್ಚಿಗೆ ಹೋಗುವ ದಿನ ಬೆಳಗ್ಗೆ, ದಾರಿಯ ಹಳೆಯ ಸೇತುವೆಯ ಮೇಲಿನ ಒಂದೊಂದು ವಿಗ್ರಹದೆದುರೂ ಅದರ ತಾಲೀಮು ನಡೆಯಿತು.

"ಕಿಟಕಿಯನ್ನಾದ್ರೂ ನಾನು ಸುಮ್ಮನೆ ನೋಡ್ತೇನೆ ಮಾರಾಯ್ರೆ," ಎಂದಳು ಸೇವಂತಿ.

"ಹೇಳದಿದ್ರೆ ನಿಂಗೆ ಅರ್ಥ ಆಗುದು ಹೇಗೆ?"

ಚರ್ಚಿನ ಬಾಗಿಲಿಗೆ ಬಂದದ್ದೇ ಶೆಟ್ಟರು ಶೂ ಕಳಚಿ ಗೋಡೆ ಬದಿಗಿಟ್ಟರು. ತಲೆ ತುಂಬ ಭಾಷಣವಿದ್ದುದರಿಂದ ಕಾಲು ತನ್ನ ಅಭ್ಯಾಸದಂತೆ ನಡೆದುಕೊಂಡಿತ್ತು. ಹಿಂದಿದ್ದ ಜರ್ಮನ್ ದಂಪತಿ ಅದನ್ನು ನೋಡಿ, ಪಿಸುಗುಟ್ಟಿ, ಬಗ್ಗಿ ತಾವೂ ಲೇಸು ಬಿಚ್ಚಿದರು. ಅವರ ಹಿಂದಿನವರೂ ಬಿಚ್ಚಿದರು.

"ಶೆಟ್ರೇ, ಬೇಡ ಅಂತ ಹೇಳ್ರೀ ಅವ್ರಿಗೆ," ಎಂದ ಅಚ್ಯುತ.

ಶೆಟ್ಟರು ಹೇಳಲೆಂದೇ ಬಾಯಿ ತೆರೆದರು. ಅಷ್ಟರಲ್ಲಿ ಒಬ್ಬ ಅಜ್ಜಿ ಬೂಟುಗಳನ್ನು ಎತ್ತಿಹಿಡಿದು, ಎಲ್ಲಿಡಲಿ ಎಂಬಂತೆ ಅವರ ಮುಖ ನೋಡಿದಳು. ಈ ವಯಸ್ಸಿನವರೆಗೆ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಕೈ ತಾನಾಗಿ ಎಡಕ್ಕೆ ಚಾಚಿತು. ಅಜ್ಜಿ ಎಡಕ್ಕೇ ಇಟ್ಟಳು.

ಆಮೇಲೆ ಮಕ್ಕಳದ್ದು ಮುಂದೆ, ಹಿಮ್ಮಡಿ ಎತ್ತರದ್ದು ಹಿಂದೆ, ಕೆಸರಿನದು ಮೂಲೆಗೆ. ಶೂ ಸಮೇತ ನುಗ್ಗಿದವನೊಬ್ಬನನ್ನು ಬರಿಯ ಕೆಮ್ಮಿನಿಂದಲೇ ತಡೆದರು.

"ಹಾಗಾದ್ರೆ ನಿಮ್ಮ ಕಿಟಕಿ ಭಾಷಣ?" ಎಂದ ಅಚ್ಯುತ.

"ನೀವು ಹೋಗಿ ಆಯ್ತಾ. ಇಲ್ಲಿ ಸ್ವಲ್ಪ ರಶ್ ಉಂಟು."

ಇಬ್ಬರೂ ಶೂ ಹಾಕಿಕೊಂಡೇ, ಶೆಟ್ಟರ ಕಣ್ಣು ತಪ್ಪಿಸಿ ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಸೇವಂತಿ ಒಬ್ಬಳೇ ಹೊರಬಂದಳು. ಮದುವೆಯಾದಾಗಿನಿಂದ ಶೆಟ್ಟರು ಅವಳ ಮುಖ ಅಷ್ಟು ತಂಪಾಗಿದ್ದುದನ್ನು ಕಂಡಿರಲಿಲ್ಲ.

"ಕಿಟಕಿ ಹೇಗುಂಟು?"

"ಬಣ್ಣ ಎಲ್ಲ ನೆಲದ ಮೇಲೆ ಬಿದ್ದಿದೆ. ಒಂದು ಸದ್ದಿಲ್ಲ. ನೀವು ಹೋಗುದಿಲ್ವಾ? ಇನ್ನು ಸ್ವಲ್ಪದರಲ್ಲಿ ಮುಚ್ತಾರಂತೆ."

ಶೆಟ್ಟರು ಬಾಗಿಲನ್ನು ನೋಡಿದರು. ಬೂಟಿನ ಸಾಲನ್ನು ನೋಡಿದರು. "ಇಷ್ಟು ಜನ ನನ್ನನ್ನು ನಂಬಿ ಬಿಟ್ಟು ಹೋಗಿದ್ದಾರೆ. ಎಂತ ಮಾಡುದು?"

ಸೇವಂತಿ ಬಗ್ಗಿ ತನ್ನ ಶೂ ಕಳಚಿ ಅವರ ಕೈಗೆ ಕೊಟ್ಟಳು.

"ಹಾಗಾದ್ರೆ ಇದನ್ನೂ ಸ್ವಲ್ಪ ನೋಡ್ಕೊಳ್ಳಿ. ನಾನು ಇನ್ನೊಂದು ಸುತ್ತು ನೋಡಿ ಬರ್ತೇನೆ."

ಶೆಟ್ಟರು ಅದನ್ನು ಮುಂದಿನ ಸಾಲಿನಲ್ಲೇ ಇಟ್ಟರು.