ಡೈನಮೋ ಬೋಲ್ಟಿನ ಥ್ರೆಡ್ ಕಿತ್ತುಬಂದ ದಿನ

ಆಯುಧಪೂಜೆಯ ಬೆಳಿಗ್ಗೆ ವ್ಯಾನ್ ತೊಳೆದು, ಬೋಲ್ಟುಗಳನ್ನೆಲ್ಲ ಒಂದು ಸಲ ಬಿಗಿ ಮಾಡುವುದು ನಮ್ಮ ಮನೆಯ ಅಭ್ಯಾಸ. ಆ ವರ್ಷ ಅದನ್ನು ನಾನೇ ಮಾಡಿದೆ. ಸೀಟಿನ ಕೆಳಗೆ, ಡೈನಮೋವನ್ನು ಎಂಜಿನ್ ಬ್ಲಾಕಿಗೆ ಹಿಡಿದಿಟ್ಟ ಬೋಲ್ಟು ಕೊಂಚ ಸಡಿಲ ಅನ್ನಿಸಿತು. ಇನ್ನಷ್ಟು ಬಲ ಸಿಗಲೆಂದು ಸ್ಪ್ಯಾನರಿನ ಹಿಡಿಗೆ ಪೈಪು ತೂರಿಸಿ ಒತ್ತಿದೆ. ಮೊದಲು ಬಿಗಿಯಾಯಿತು. ಇನ್ನೊಂದು ಸಲ ಒತ್ತುವಷ್ಟರಲ್ಲಿ ಕೈ ಹಗುರವಾಗಿ ಬೋಲ್ಟು ಸುಮ್ಮನೆ ಸುತ್ತತೊಡಗಿತು. ಹೊರಗೆ ತೆಗೆದರೆ ಅದಕ್ಕೆ ಬೂದು ಬಣ್ಣದ ಶಾವಿಗೆಯಂಥ ಅಲ್ಯೂಮಿನಿಯಂ ಎಳೆ ಸುತ್ತಿಕೊಂಡಿತ್ತು. ಬ್ಲಾಕಿನ ತೂತಿನೊಳಗೆ ಬೋಲ್ಟು ಕಚ್ಚಿಕೊಳ್ಳುವ ಥ್ರೆಡ್ಡೇ ಕಿತ್ತುಬಂದಿತ್ತು.

“ಕುಕ್ಕರ್ ಹಿಡಿ ಅಂದ್ಕೊಂಡ್ಯೇನೇ ಅದನ್ನ?” ಅಂದರು ನಮ್ಮ ಯಜಮಾನರು.

ನಾನು ಡೈನಮೋ ಕಟ್ಟಲು ತಂತಿ ಹುಡುಕತೊಡಗಿದೆ. ಉಲ್ಲಾಳದ ಲೇಡೀಸ್ ಹಾಸ್ಟೆಲ್ಲೊಂದಕ್ಕೆ ದಿನಾ ಸಂಜೆ ನಾನು ಚಪಾತಿ ಒಯ್ಯುತ್ತಿದ್ದುದು ಆ ವ್ಯಾನಿನಲ್ಲೇ. ತೀರಾ ಹಳೆಯ ಮಾಡೆಲ್ಲು. ಬ್ಲಾಕ್ ಹೋದರೆ ವ್ಯಾನ್ ಗುಜರಿಗೆ, ವ್ಯಾನ್ ಹೋದರೆ ನನ್ನ ಚಪಾತಿ ಕೆಲಸವೂ ಅಲ್ಲಿಗೆ ಮುಗಿದ ಹಾಗೆ.

ಡೈನಮೋವನ್ನು ತಂತಿಯಲ್ಲಿ ಬಿಗಿದು ಕಟ್ಟಿ, ಮಾರೇನಹಳ್ಳಿಯಿಂದ ಬಾಪೂಜಿ ನಗರದ ಗ್ಯಾರೇಜಿಗೆ ನಿಧಾನವಾಗಿ ಹೋದೆವು. ಮೇಸ್ತ್ರಿ ಸ್ಪ್ಯಾನರುಗಳನ್ನು ತೊಳೆದು ಮಣೆಯ ಮೇಲೆ ಜೋಡಿಸುತ್ತಿದ್ದರು. ಪೂಜೆ ಆಯಿತೆಂದರೆ ಮಾರನೆಯ ದಿನದವರೆಗೆ ಅವನ್ನು ಮುಟ್ಟುವ ಹಾಗಿಲ್ಲ.

“ಇನ್ನೂ ಕುಂಕುಮ ಇಟ್ಟಿಲ್ಲ, ಬಚಾವಾದ್ರಿ ಅಕ್ಕ,” ಅಂದರು. ಬೋಲ್ಟು ನೋಡಿ, “ಪೈಪ್ ಹಾಕಿದ್ರಾ?”

“ಹಾಕ್ದೆ.”

“ಎಲ್ಲಾರೂ ಹಾಕ್ತಾರೆ. ಹಬ್ಬದ ವಾರ ನಂಗೆ ಇದೇ ಕೆಲ್ಸ. ತೂತು ದೊಡ್ಡದು ಮಾಡಿ, ಹೊಸ ಥ್ರೆಡ್ ಹೊಡೆದು, ಒಳಗೊಂದು ಸ್ಟೀಲ್ ಸುರುಳಿ ಕೂರಿಸ್ತೀನಿ. ಆಗ ಇದೇ ಬೋಲ್ಟ್ ಆಗುತ್ತೆ. ಆದ್ರೆ ಹಿಂದ್ಗಡೆ ಎಂಜಿನ್ ತಣ್ಣಗಿಡೋ ನೀರು ಓಡೋ ಜಾಗ. ಡ್ರಿಲ್ ಜಾಸ್ತಿ ಇಳಿದ್ರೆ ಬ್ಲಾಕ್ ಹೋಯ್ತು.”

ಅಳತೆ ನೋಡಿ ಡ್ರಿಲ್ ಬಿಟ್ಟಿಗೆ ಹಳದಿ ಟೇಪು ಸುತ್ತಿದರು. ಅಲ್ಲಿಗೆ ನಿಲ್ಲಿಸಬೇಕೆಂಬ ಗುರುತು ಅದು. ನಾನು ಟಾರ್ಚ್ ಹಿಡಿದೆ. ಟೇಪು ತೂತಿನ ಬಾಯಿಗೆ ಬಂದಾಗ ನಿಲ್ಲಿಸಿ ಇಣುಕಿದರು. ನೀರು ಜಿನುಗಲಿಲ್ಲ. ಆಮೇಲೆ ಥ್ರೆಡ್ ಕೊರೆಯುವ ಟ್ಯಾಪಿಗೆ ಗ್ರೀಸ್ ಸವರಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೋದರು. ಗ್ಯಾರೇಜಿನ ಪಕ್ಕದಲ್ಲೇ ಇದ್ದ ಮನೆಯಿಂದ ಅವರ ಹೆಂಡತಿ ಎರಡು ಸಲ ಪೂಜೆಗೆ ಕರೆದರು.

“ಬರ್ತೀನಿ ಇರೇ, ದೇವ್ರೇನು ಬಸ್ ಹಿಡೀಬೇಕಾ?” ಅಂದರು ಮೇಸ್ತ್ರಿ. ಕೈ ಮಾತ್ರ ಅವಸರ ಮಾಡಲಿಲ್ಲ.

ಸುರುಳಿ ಕೂತ ಮೇಲೆ ಬೋಲ್ಟು ಬೆರಳಲ್ಲೇ ಹೊಕ್ಕಿತು. ಕೊನೆಯ ಬಿಗಿಗೆ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟರು. “ಮಣಿಕಟ್ಟಿನ ಜೋರು ಸಾಕಕ್ಕ, ತೋಳು ಬೇಡ.” ಬೋಲ್ಟು ಕಚ್ಚಿಕೊಂಡದ್ದು ಕೈಗೆ ಗೊತ್ತಾಯಿತು. ನಿಲ್ಲಿಸಿದೆ. ಅವರೂ ಒಮ್ಮೆ ಒತ್ತಿ ನೋಡಿ ತಲೆಯಾಡಿಸಿದರು.

ಎಂಜಿನ್ ಹತ್ತು ನಿಮಿಷ ಓಡಿತು. ಡೈನಮೋ ಅಲುಗಲಿಲ್ಲ. ಮೇಸ್ತ್ರಿ ಮತ್ತೆ ಟೂಲ್ಸ್ ತೊಳೆಯಲು ಕೂತರು. ನಾನು ಹಾಸ್ಟೆಲ್ಲಿಗೆ ಫೋನ್ ಮಾಡಿ, “ಸಂಜೆ ಅರ್ಧ ಗಂಟೆ ಲೇಟಾಗ್ಬಹುದು, ಆದ್ರೆ ಬರ್ತೀನಿ,” ಅಂದೆ.

ಯಜಮಾನರು ಆಗಲೇ ವ್ಯಾನ್ ಹತ್ತಿ ಕೂತಿದ್ದರು. “ನಡಿ ನಡಿ, ಹಿಟ್ಟು ನಾನು ಕಲಸ್ತೀನಿ,” ಅಂದರು.