ಹನಿಯಕ್ಕ ಹೆಡ್ ಸಿಸ್ಟರ್ ತಲೆ ಸರಿಮಾಡಿದ್ದು

ಹೆಂಗಸರ ವಾರ್ಡಿನಲ್ಲಿ ಸಲೈನ್ ಬಾಟಲಿ ನೇತುಹಾಕುವ ಕೈ ಬೇಕಾದಷ್ಟಿವೆ. ನೇತುಹಾಕಿದ ಮೇಲೆ ಅದರ ಮುಂದೆ ನಿಂತು ಕಾಯುವವಳು ಹನಿಯಕ್ಕ ಒಬ್ಬಳೇ. ಎದೆಗೆ ಸಿಕ್ಕಿಸಿಕೊಂಡ ಗಡಿಯಾರವನ್ನು ಬೆರಳಲ್ಲಿ ಎತ್ತಿ ಹಿಡಿದು, ಬಾಟಲಿಯ ಕೆಳಗಿನ ಪುಟ್ಟ ಬುಡ್ಡಿಯಲ್ಲಿ ತೊಟ್ಟಿಕ್ಕುವ ಹನಿಗಳನ್ನು ಪೂರ್ತಿ ಒಂದು ನಿಮಿಷ ಎಣಿಸುವವಳು ಅವಳು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ಅವಳ ಪ್ರಕಾರ ಸೋಮಾರಿಗಳ ಕೆಲಸ. ಎಣಿಸಿ ಮುಗಿದ ಮೇಲೆ ಬಾಟಲಿಯ ಉದ್ದಕ್ಕೂ ಒಂದು ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಎಂಟು ಗಂಟೆಗೆ ನೀರು ಇಲ್ಲಿರಬೇಕು, ಒಂಬತ್ತಕ್ಕೆ ಇಲ್ಲಿ, ಹತ್ತಕ್ಕೆ ಇಲ್ಲಿ ಅಂತ ಗೆರೆ ಎಳೆಯುತ್ತಾಳೆ. ನೀರು ಗೆರೆಗಿಂತ ಮುಂಚೆ ಇಳಿದರೂ ಬೈಗುಳ, ತಡವಾದರೂ ಬೈಗುಳ. "ಹನಿಯಕ್ಕನ ಮನೆ ಸೂರು ಸೋರಿದ್ರೆ ರಿಪೇರಿ ಮಾಡಿಸಲ್ಲ ಕಣ್ರೀ, ಕೆಳಗೆ ನಿಂತು ಎಣಿಸ್ತಾಳೆ," ಅಂತ ಆಯಾ ತಮಾಷೆ ಮಾಡುವುದುಂಟು.

ಬುಧವಾರ ಬೆಳಗ್ಗೆ ಡ್ಯೂಟಿಗೆ ಬಂದಾಗ ಒಂಬತ್ತನೇ ಹಾಸಿಗೆಯಲ್ಲಿ ಹೊಸ ರೋಗಿ ಮಲಗಿದ್ದಳು. ವಯಸ್ಸಾದ ಹೆಂಗಸು, ಬಾಯಿ ಅರೆ ತೆರೆದಿದೆ, ಕಣ್ಣು ಸೂರಿನ ಕಡೆ. ಬಿಪಿಗೆ ಅಂತ ಕೊಟ್ಟ, ಮೈಯ ನೀರಿಳಿಸುವ ಮಾತ್ರೆಯನ್ನು ಬಿಡದೆ ನುಂಗಿ, ಮೇಲೆ ನಾಲ್ಕು ದಿನ ವಾಂತಿ ಮಾಡಿಕೊಂಡು ರಕ್ತದಲ್ಲಿ ಸೋಡಿಯಂ ನೂರಾ ಹನ್ನೆರಡಕ್ಕೆ ಇಳಿದುಹೋಗಿದೆ. ಇರಬೇಕಾದದ್ದು ನೂರಾ ಮೂವತ್ತೈದು. ಹನಿಯಕ್ಕ ಕೇಸ್ ಶೀಟ್ ಓದುತ್ತ ಮೇಲಿನ ಹೆಸರಿಗೆ ಬಂದಳು. ಓದಿದಳು. ಇನ್ನೊಂದು ಸಲ ಓದಿ, ಮುಖ ನೋಡಿದಳು. ಅವಳ ಹಳೇ ಹೆಡ್ ಸಿಸ್ಟರ್!

"ಅಯ್ಯೋ, ಇವರಾ!" ಅಂದಳು ಹಿಂದೆ ನಿಂತಿದ್ದ ಆಯಾ. "ಕೊನೆಗೂ ನಿನ್ನ ಕೈಗೇ ಸಿಕ್ಕರಲ್ಲ ಕಣಕ್ಕಾ."

ಕೈಗೆ ಸಿಕ್ಕರು ಅಂತ ಆಯಾ ಯಾಕೆ ಅಂದಳು ಅನ್ನುವುದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಹನಿಯಕ್ಕನ ಮೇಲೆ ನಿಮಗೆ ಸಿಟ್ಟು ಬಂದೀತು. ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಹನಿಯಕ್ಕ ಗಂಡಸರ ವಾರ್ಡಿನಲ್ಲಿದ್ದಳು, ಅಲ್ಲಿ ಈ ಮಹಾತಾಯಿಯದೇ ದರ್ಬಾರು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಕಪಾಟಿನದು, ಉಗ್ರಾಣದ್ದು, ಆಮ್ಲಜನಕದ ಕೋಣೆಯದು. ಅವರು ನಡೆದರೆ ಆ ಗೊಂಚಲಿನ ಸದ್ದಿಗೇ ನರ್ಸುಗಳು ಎದ್ದು ನಿಲ್ಲುತ್ತಿದ್ದರು. ಏಳನೇ ಹಾಸಿಗೆಯಲ್ಲಿ ಹೃದಯ ಸೋತ ಒಬ್ಬ ಯಜಮಾನರಿದ್ದರು. ಗಂಟೆಗೆ ಅರವತ್ತು ಎಂಎಲ್ ಮೀರಬಾರದು, ನಿಮಿಷಕ್ಕೆ ಇಪ್ಪತ್ತು ಹನಿ ಅಂತ ಡಾಕ್ಟರು ಬರೆದಿದ್ದರು. ಹನಿಯಕ್ಕ ಇಪ್ಪತ್ತಕ್ಕೇ ಇಟ್ಟಳು. ಎರಡು ಗಂಟೆ ಕಳೆದು ನೋಡಿದರೆ ನೀರು ಪಟ್ಟಿಯ ಗೆರೆ ದಾಟಿ ಕೆಳಗಿಳಿದಿದೆ. ಮತ್ತೆ ಎಣಿಸಿದಳು, ಇಪ್ಪತ್ತೇ. ಆಮೇಲೆ ಬಾಟಲಿಯಿಂದ ಇಳಿಬಿಟ್ಟ ಟ್ಯೂಬಿನ ಸೆಟ್ಟಿನ ಖಾಲಿ ಕವರನ್ನು ಕಸದ ಬುಟ್ಟಿಯಿಂದ ಹೆಕ್ಕಿ ಓದಿದಳು. ಇಷ್ಟು ವರ್ಷ ಬರುತ್ತಿದ್ದ ಸೆಟ್ಟಿನಲ್ಲಿ ಇಪ್ಪತ್ತು ಹನಿ ಸೇರಿದರೆ ಒಂದು ಎಂಎಲ್. ಈ ಹೊಸ ಸೆಟ್ಟಿನಲ್ಲಿ ಹದಿನೈದಕ್ಕೇ ಒಂದು ಎಂಎಲ್. ಹನಿಯೇ ದಪ್ಪ! ಲೆಕ್ಕ ಸರಿಯಿದ್ದರೂ ಯಜಮಾನರಿಗೆ ಗಂಟೆಗೆ ಎಂಬತ್ತು ಹೋಗುತ್ತಿದೆ.

ಅವಳು ತಕ್ಷಣ ಟ್ಯೂಬಿನ ಮೇಲಿನ ಪುಟ್ಟ ಗಾಲಿಯನ್ನು ತಿರುಗಿಸಿ ಹನಿಯನ್ನು ಹದಿನೈದಕ್ಕೆ ಇಳಿಸಿದಳು. 'ಸೆಟ್ ಬೇರೆ, ಹದಿನೈದು ಹನಿ' ಅಂತ ಪಟ್ಟಿಯ ಮೇಲೆ ಬರೆದು, ಸಮಯ ಹಾಕಿ, ಹೆಡ್ ಸಿಸ್ಟರಿಗೆ ಹೇಳಲು ಓಡಿದಳು. ಸೆಟ್ ಬದಲಾಗಿದೆ ಅನ್ನುವ ಸೂಚನೆ ಮೂರು ದಿನದಿಂದ ಅವರ ಮೇಜಿನ ಖಾನೆಯಲ್ಲೇ ಬಿದ್ದಿತ್ತು. ಅದನ್ನು ಒಪ್ಪಿಕೊಳ್ಳುವ ಹೆಂಗಸಾ ಅದು? "ನನ್ನ ಕೇಳದೆ ಗಾಲಿ ಮುಟ್ಟೋಕೆ ನೀನ್ಯಾರೇ? ಇಪ್ಪತ್ತು ಅಂದ್ರೆ ಇಪ್ಪತ್ತು!" ಅಂತ ಎಲ್ಲರ ಎದುರು ನೀರಿಳಿಸಿ, ತಾವೇ ಹೋಗಿ ಗಾಲಿ ತಿರುಗಿಸಿ ಮತ್ತೆ ಇಪ್ಪತ್ತು ಮಾಡಿದರು. ಹನಿಯಕ್ಕನನ್ನು ಬೇರೆ ಸಾಲಿಗೆ ಅಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಯಜಮಾನರ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟಿತು. ಹನಿಯಕ್ಕ ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಬಾಟಲಿಯ ಮೇಲೆ ಪಟ್ಟಿ ಇರಲಿಲ್ಲ, ಅಂಟಿನ ಗುರುತು ಮಾತ್ರ ಇತ್ತು.

ವಿಚಾರಣೆ ನಡೆಯಿತು. "ಎಣಿಸೋಕೆ ಬರಲ್ಲ ಸರ್ ಈ ಹುಡುಗಿಗೆ," ಅಂದರು ಹೆಡ್ ಸಿಸ್ಟರ್, ಕಡ್ಡಿ ಮುರಿದ ಹಾಗೆ. ಎಲ್ಲ ಕಂಡಿದ್ದ ನರ್ಸುಗಳಿಗೂ ಅವರ ವಿರುದ್ಧ ಬಾಯಿ ಬಿಡುವ ಧೈರ್ಯವಿರಲಿಲ್ಲ. ಅಷ್ಟೇ. ನಾಲ್ಕು ವರ್ಷ ಬಟ್ಟೆ ಕೋಣೆಯಲ್ಲಿ ಕೂತು ಹೊದಿಕೆ, ದಿಂಬಿನ ಚೀಲ ಎಣಿಸುವ ಶಿಕ್ಷೆ. ಹನಿಯಕ್ಕನ ಅಪ್ಪ ಗಡಿಯಾರ ರಿಪೇರಿಯವನು. ಸೆಕೆಂಡಿನ ಮುಳ್ಳಿನ ಜೊತೆ ಎಣಿಸುವುದನ್ನು ಮಗಳಿಗೆ ಕಲಿಸಿದವನೇ ಅವನು. "ಎಣಿಕೆ ತಪ್ಪಿದ್ಯಾ ಮಗಳೇ?" ಅಂತ ಒಂದೇ ಒಂದು ಸಲ ಕೇಳಿದ್ದ. ಇಲ್ಲ ಅಂದರೂ ನಂಬಿದ ಹಾಗೆ ಕಾಣಲಿಲ್ಲ. ಆಮೇಲೆ ಅವನು ಮಾತ್ರೆಗೆ ಕೈ ಚಾಚುತ್ತಿದ್ದದ್ದು ಮಗಳ ಕಡೆಗಲ್ಲ, ಸೊಸೆಯ ಕಡೆಗೆ. ಹಾಗೇ ಕೈ ಚಾಚುತ್ತ ಚಾಚುತ್ತ ಎರಡು ವರ್ಷದ ಹಿಂದೆ ಹೋಗಿಬಿಟ್ಟ. ಹನಿಯಕ್ಕನ ಹೊಟ್ಟೆ ಉರಿಯುವುದು ಬಟ್ಟೆ ಕೋಣೆಗಲ್ಲ, ಇದಕ್ಕೆ. ಆ ಹೆಂಗಸು ನಾಲ್ಕು ಜನರ ಎದುರು 'ನಾನೇ ಮಾಡಿದ್ದು' ಅನ್ನಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಸರಿ, ಈಗ ಒಂಬತ್ತನೇ ಹಾಸಿಗೆಗೆ ಬನ್ನಿ. ಔಷಧ ಮೂರು ಪರ್ಸೆಂಟಿನ ಗಟ್ಟಿ ಉಪ್ಪಿನ ಸಲೈನ್, ಗಂಟೆಗೆ ಇಪ್ಪತ್ತು ಎಂಎಲ್. ಹನಿ ಬಿಡುವ ಪಂಪು ಆಸ್ಪತ್ರೆಯಲ್ಲಿರುವುದೇ ಎರಡು, ಎರಡೂ ಐಸಿಯುನಲ್ಲಿ. "ಕೈಯಲ್ಲೇ ಎಣಿಸ್ಬೇಕು ಸಿಸ್ಟರ್. ಸೋಡಿಯಂ ದಿನಕ್ಕೆ ಎಂಟಕ್ಕಿಂತ ಜಾಸ್ತಿ ಏರಬಾರದು. ಬೇಗ ಏರಿದ್ರೆ ಮೆದುಳು ಹಾಳಾಗುತ್ತೆ, ಮತ್ತೆ ಮಾತೂ ಇಲ್ಲ, ಕೈಕಾಲೂ ಇಲ್ಲ," ಅಂದರು ಚಿಕ್ಕ ಡಾಕ್ಟರು. ಪಾಪ, ಯಾರಿಗೆ ಏನು ಹೇಳುತ್ತಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ.

ಡಾಕ್ಟರು ಹೋದ ಮೇಲೆ ಹನಿಯಕ್ಕ ಗಾಲಿಯ ಮೇಲೆ ಹೆಬ್ಬೆರಳಿಟ್ಟು ನಿಂತಳು. ಉಗುರಿನಷ್ಟು ತಿರುಗಿಸಿದರೆ ಸಾಕು. ಕೇಳುವವರಿಲ್ಲ. ಸುಳ್ಳು ಯಾಕೆ, ತಿರುಗಿಸುವ ಮನಸ್ಸಾಯಿತು. ಒಂದು ಕ್ಷಣ ಅಲ್ಲ, ಪೂರ್ತಿ ಒಂದು ನಿಮಿಷ. ಹನಿ ಎಣಿಸುತ್ತಲೇ ಇದ್ದಳಲ್ಲ, ಅವಳಿಗೆ ಗೊತ್ತು. ಅವಳ ಕೈ ತಡೆದದ್ದು ಕರುಣೆ ಅಂತ ಮಾತ್ರ ತಿಳಿಯಬೇಡಿ. 'ಇವಳ ಮೆದುಳು ಹೋದರೆ ಆ ಮಾತು ಯಾರ ಬಾಯಲ್ಲಿ ಹೇಳಿಸಲಿ? ಈ ತಲೆ ನನಗೆ ಬೇಕು. ಚೆನ್ನಾಗಿರಬೇಕು, ಚಿನ್ನದಂತಿರಬೇಕು,' ಅಂದುಕೊಂಡಳು. ಕಾಲು ಗಂಟೆಗೊಮ್ಮೆ ಬಂದು ಎಣಿಸಿದಳು.

ಹನ್ನೊಂದು ಗಂಟೆಗೆ ಮುದುಕಿ ಇದ್ದಕ್ಕಿದ್ದ ಹಾಗೆ ಬಡಬಡಿಸತೊಡಗಿದಳು. "ಏಳನೇ ಬೆಡ್ಡಿನ ಬಾಟ್ಲಿ... ಪಟ್ಟಿ ನಾನೇ ಕಿತ್ತೆ. ಉಂಡೆ ಮಾಡಿ ಜೇಬಿಗೆ ಹಾಕ್ಕೊಂಡೆ. ಆ ಹುಡುಗಿ ಎಣಿಸಿದ್ದು ಸರಿ ಇತ್ತು. ಗಾಲಿ ನಾನು ತಿರುಗಿಸಿದ್ದು..."

ಹನಿಯಕ್ಕ ಬಾಗಿಲಿಗೆ ಓಡಿದಳು. "ಡಾಕ್ಟ್ರೇ! ಬನ್ನಿ, ಕೇಳಿ ಇಲ್ಲಿ!"

ಚಿಕ್ಕ ಡಾಕ್ಟರು ಬಂದು ಕೇಳಿದರು, ನಕ್ಕರು. "ಸೋಡಿಯಂ ಇಳಿದ್ರೆ ಹೀಗೇ ಸಿಸ್ಟರ್, ಬಾಯಿಗೆ ಬಂದದ್ದು ಆಡ್ತಾರೆ. 'ಅಸಂಬದ್ಧ ಮಾತು' ಅಂತ ಬರ್ಕೊಳ್ಳಿ."

ಹನ್ನೊಂದು ವರ್ಷ ಕಾದ ಮಾತು ಕೊನೆಗೂ ಬಂತು, ಅದನ್ನು ತನ್ನ ಕೈಯಾರೆ ಅಸಂಬದ್ಧ ಅಂತ ಬರೆಯಬೇಕಾಗಿ ಬಂತು. ಬರೆದಳು, ಇನ್ನೇನು ಮಾಡಿಯಾಳು? ಪೆನ್ನಿನ ಮೊನೆಗೆ ಕಾಗದ ಹರಿಯಿತು.

ಗುರುವಾರ ಸೋಡಿಯಂ ನೂರಾ ಹತ್ತೊಂಬತ್ತು. ಗಟ್ಟಿ ಸಲೈನ್ ಹೋಗಿ ಸಾದಾ ಸಲೈನ್ ಬಂತು. ಶುಕ್ರವಾರ ನೂರಾ ಇಪ್ಪತ್ತೇಳು. ದಿನಕ್ಕೆ ಎಂಟರ ಮೇಲೆ ಒಂದು ಅಂಕಿ ಹೆಚ್ಚಿಲ್ಲ. ಹನಿಯಕ್ಕ ಇಂಥ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲ. ಮುದುಕಿಯ ಮಗಳು ಕೈ ಹಿಡಿದು, "ಸಿಸ್ಟರ್, ನಮ್ಮಮ್ಮನ್ನ ನೀವೇ ಉಳಿಸಿದ್ರಿ," ಅಂತ ಕಣ್ಣು ಒರೆಸಿಕೊಂಡಳು. "ಅವರು ಉಳೀಲೇಬೇಕಮ್ಮ," ಅಂದಳು ಹನಿಯಕ್ಕ.

ಶನಿವಾರ ಬೆಳಗ್ಗೆ ಕಣ್ಣಲ್ಲಿ ಹಳೆಯ ಹೊಳಪು ಬಂದಿತ್ತು. ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ ಮೂಗು ಮುರಿದಳು. "ನೀನಾ? ನಿನ್ನ ಇನ್ನೂ ಇಟ್ಕೊಂಡಿದ್ದಾರಾ ಇಲ್ಲಿ?"

"ಇಟ್ಕೊಂಡಿದ್ದಾರೆ ಮೇಡಂ. ಬುಧವಾರ ಏನೋ ಹೇಳಿದ್ರಿ, ನೆನಪಿದ್ಯಾ? ಏಳನೇ ಬೆಡ್ಡಿನ ಪಟ್ಟಿ ವಿಷಯ."

ಮುದುಕಿಯ ಮುಖದ ಬಣ್ಣ ಹೋಯಿತು, ತಕ್ಷಣವೇ ಬಂತು. "ಯಾವ ಪಟ್ಟಿ? ನನಗೇನೂ ಗೊತ್ತಿಲ್ಲ. ಜ್ವರದಲ್ಲಿ ಏನಂದ್ನೋ ಏನೋ."

ನೋಡಿದಿರಾ! ಹುಚ್ಚು ಹಿಡಿದಾಗ ನಿಜ ಆಡಿದ ಬಾಯಿ, ಬುದ್ಧಿ ಬಂದ ಕೂಡಲೇ ಸುಳ್ಳಿಗೆ ನಿಂತಿತು. ಆ ಬುದ್ಧಿಯನ್ನು ಹನಿ ಹನಿಯಾಗಿ ಒಳಗೆ ಬಿಟ್ಟವಳು ಹನಿಯಕ್ಕನೇ. ಔಷಧದ ಕೋಣೆಗೆ ಹೋಗಿ ಹಲ್ಲು ಕಡಿದಳು. ಕಡಿಯುತ್ತ ನಿಂತಾಗಲೇ ಅವಳಿಗೆ ಉಪಾಯ ಹೊಳೆದದ್ದು.

ಹತ್ತು ಗಂಟೆಗೆ ರೌಂಡ್ಸ್. ದೊಡ್ಡ ಡಾಕ್ಟರು, ಚಿಕ್ಕ ಡಾಕ್ಟರು, ಮಗಳು, ಆಯಾ ಎಲ್ಲ ಹಾಸಿಗೆ ಸುತ್ತ ನಿಂತರು. ಸೋಡಿಯಂ ನೂರಾ ಮೂವತ್ತೈದು. "ನಿಮ್ಮ ಹೆಸರೇನು? ಇದು ಯಾವ ಜಾಗ? ಇವತ್ತು ಯಾವ ವಾರ?" ಅಂತ ದೊಡ್ಡ ಡಾಕ್ಟರು ಕೇಳಿದರು. ಮುದುಕಿ ಟಪಟಪ ಅಂತ ಉತ್ತರ ಕೊಟ್ಟಳು. "ಭೇಷ್, ಮನೆಗೆ ಹೋಗ್ಬಹುದು," ಅಂದರು ಡಾಕ್ಟರು.

"ಸರ್, ಹಳೇ ನೆನಪು ಕೇಳಿಲ್ಲ," ಅಂದಳು ಹನಿಯಕ್ಕ. "ಇವರ ವಾರ್ಡಲ್ಲೇ ಏಳನೇ ಬೆಡ್ಡಿನ ರೋಗಿ ಡ್ರಿಪ್ ಜಾಸ್ತಿ ಆಗಿ ತೀರ್ಕೊಂಡ್ರು, ದೊಡ್ಡ ವಿಚಾರಣೆ ಆಯ್ತು. ಅದೇ ನೆನಪಿಲ್ಲ ಅಂತಾರೆ."

"ಹೌದಾ? ನೆನಪಿಲ್ವಾ ಅಮ್ಮ?"

ಮುದುಕಿ ಸಿಕ್ಕಿಬಿದ್ದಳು. ನೆನಪಿದೆ ಅಂದರೆ ಮುಂದಿನ ಪ್ರಶ್ನೆ ಏನು ಅಂತ ಅವಳಿಗೆ ಗೊತ್ತು. "ನೆನಪಿಲ್ಲ," ಅಂದಳು, ಗೋಡೆ ನೋಡುತ್ತ.

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಅಷ್ಟು ದೊಡ್ಡ ಘಟನೆ ಮರೆತಿದ್ದಾರೆ ಅಂದ್ರೆ ಇನ್ನೂ ನೋಡ್ಬೇಕಾಗುತ್ತೆ. ಎರಡು ದಿನ ಇರಲಿ. ಆರು ಗಂಟೆಗೊಮ್ಮೆ ರಕ್ತ ತೆಗೀರಿ."

ಕೈಯಲ್ಲಿ ನರ ಸಿಗದ ಮುದುಕಿ. ಒಂದು ಸಲ ರಕ್ತ ತೆಗೆಯಲು ಮೂರು ಸಲ ಚುಚ್ಚಬೇಕು. ಹನ್ನೆರಡಕ್ಕೆ ಹನಿಯಕ್ಕ ಸೂಜಿ ಹಿಡಿದು ಬಂದಾಗ ಮುದುಕಿ ತುಟಿ ಕಚ್ಚಿ, "ಬೇಕಂತಲೇ ಮಾಡ್ತಿದ್ದೀಯ," ಅಂದಳು.

"ಹೌದು ಮೇಡಂ, ಬೇಕಂತಲೇ," ಅಂದಳು ಹನಿಯಕ್ಕ. "ಕೈ ಚಾಚಿ."

ಆದರೆ ಸೂಜಿಗೆ ಬಗ್ಗುವ ಹೆಂಗಸಲ್ಲ ಅದು. ಬಗ್ಗಿಸಿದ್ದು ಮಗಳು, ಅದೂ ಪ್ರೀತಿಯಿಂದ. ಭಾನುವಾರ ಬೆಳಗ್ಗೆ ಗಂಜಿ ಕುಡಿಸುತ್ತ, "ಅಮ್ಮಾ, ಇನ್ಮೇಲೆ ನೀನು ಒಬ್ಬಳೇ ಇರೋದು ಬೇಡ. ನೆನಪು ಹೋಗ್ತಿದೆ ನಿನಗೆ. ಮನೆ ಬೀಗದ ಕೈ ನಾನು ತಗೊಂಡಿದ್ದೀನಿ. ಒಲೆ ಹತ್ರ ಹೋಗ್ಬೇಡ, ಬ್ಯಾಂಕಿನ ಕಾಗದಕ್ಕೆಲ್ಲ ನಾನೇ ಸಹಿ ಹಾಕ್ತೀನಿ," ಅಂದಳು. ಪಕ್ಕದ ಹಾಸಿಗೆಯವಳಿಗೂ, "ನಮ್ಮಮ್ಮಂಗೆ ಅರಳು ಮರಳು ಶುರುವಾಗಿದೆ, ಸ್ವಲ್ಪ ನೋಡ್ಕೊಳ್ಳಿ," ಅಂತ ಹೇಳಿ ಚಮಚ ತೊಳೆಯಲು ಹೋದಳು. ಮುದುಕಿ ದಿಂಬಿಗೊರಗಿ ಬೆಳ್ಳಗಾಗಿ ಕೂತಿದ್ದಳು. ಸುಳ್ಳಿ ಅಂತ ಅನ್ನಿಸಿಕೊಂಡು ಬದುಕುವುದು ಅವಳಿಗೆ ಸಾಧ್ಯವಿತ್ತು. ಬೀಗದ ಕೈ ಕಳಕೊಂಡ ಮರೆಗುಳಿಯಾಗಿ ಬದುಕುವುದು ಸಾಧ್ಯವಿರಲಿಲ್ಲ. ಹನಿಯಕ್ಕ ಬಾಗಿಲ ಬಳಿ ನಿಂತು ಎಲ್ಲ ನೋಡಿದಳು. ಅವಳಿಗೆ ಖುಷಿಯಾಯಿತು, ಹೌದು, ಖುಷಿಯೇ ಆಯಿತು.

ರೌಂಡ್ಸಿಗೆ ದೊಡ್ಡ ಡಾಕ್ಟರು ಬಂದರು. ಸೋಡಿಯಂ ನೂರಾ ಮೂವತ್ತಾರು. "ಏನಮ್ಮ, ಏನಾದ್ರೂ ನೆನಪಾಯ್ತಾ?"

"ನನಗೆ ಎಲ್ಲ ನೆನಪಿದೆ," ಅಂದಳು ಮುದುಕಿ. ಅದು ಹಳೆಯ ಹೆಡ್ ಸಿಸ್ಟರ್ ಧ್ವನಿ, ವಾರ್ಡಿನ ಕೊನೆಯವರೆಗೆ ಕೇಳುವಂಥದ್ದು. "ಹೊಸ ಸೆಟ್ಟಿಗೆ ಹದಿನೈದು ಹನಿ. ಸೂಚನೆ ನನ್ನ ಖಾನೆಯಲ್ಲಿತ್ತು, ನಾನು ಓದಿರಲಿಲ್ಲ. ಈ ಹುಡುಗಿ ಎಣಿಸಿದ್ದು ಸರಿಯಾಗೇ ಇತ್ತು. ಗಾಲಿ ತಿರುಗಿಸಿದ್ದು ನಾನು. ಪಟ್ಟಿ ಕಿತ್ತದ್ದೂ ನಾನು. ವಿಚಾರಣೇಲಿ ಸುಳ್ಳು ಹೇಳಿದೆ. ಸಾಕಾ? ನನ್ನ ತಲೆ ಸರಿಯಿದೆ ಅಂತ ಬರೀರಿ ಈಗ!"

ಮಗಳ ಬಾಯಿ ತೆರೆದೇ ಇತ್ತು. ಬುಧವಾರ ನಕ್ಕಿದ್ದ ಚಿಕ್ಕ ಡಾಕ್ಟರು ಈಗ ನೆಲ ನೋಡುತ್ತಿದ್ದರು.

"ತಲೆ ಪೂರ್ತಿ ಸರಿಯಾಗಿದೆ ಸರ್," ಅಂದಳು ಹನಿಯಕ್ಕ. "ಮನೆಗೆ ಕಳಿಸ್ಬಹುದು."

ಅವಳು ಕೇಸ್ ಶೀಟ್ ತೆಗೆದು, ಸೋಡಿಯಂ ಅಂಕಿ ಹಾಕಿ, 'ರೋಗಿಗೆ ಪೂರ್ಣ ಪ್ರಜ್ಞೆಯಿದೆ, ರೋಗಿ ಹೇಳಿದ್ದು' ಅಂತ ಶುರುಮಾಡಿ ಒಂದಕ್ಷರ ಬಿಡದೆ ಬರೆದಳು. ಕೆಳಗೆ ದೊಡ್ಡ ಡಾಕ್ಟರ ಸಹಿ ಹಾಕಿಸಿದಳು. ಅವರೂ ಹಾಕಿಕೊಟ್ಟರು.

ಮಧ್ಯಾಹ್ನ ಆಯಾ ಗಾಲಿಕುರ್ಚಿ ತಂದಳು. ಮಗಳು ತಾಯಿಯ ಕೈ ಹಿಡಿಯದೆ ನಾಲ್ಕು ಹೆಜ್ಜೆ ಮುಂದೆ ನಡೆದಳು. ಬಾಗಿಲ ಬಳಿ ಮುದುಕಿ ಕುರ್ಚಿ ನಿಲ್ಲಿಸಲು ಹೇಳಿ ಹಿಂದಕ್ಕೆ ತಿರುಗಿದಳು. "ಹೊಟ್ಟೆ ತಣ್ಣಗಾಯ್ತೇನೇ?"

"ಅರ್ಧ ಆಯ್ತು ಮೇಡಂ," ಅಂದಳು ಹನಿಯಕ್ಕ. "ಆ ಯಜಮಾನರ ಹೆಂಡತಿ ಇನ್ನೂ ಇದ್ದಾರೆ. ಹನ್ನೊಂದು ವರ್ಷದಿಂದ ನಾನೇ ಕೊಂದೆ ಅಂದ್ಕೊಂಡಿದ್ದಾರೆ. ಡ್ಯೂಟಿ ಮುಗಿದ ಮೇಲೆ ಈ ಹಾಳೆಯ ನಕಲು ತಗೊಂಡು ಅವರ ಮನೆಗೆ ಹೋಗ್ತೀನಿ. ನಿಮ್ಮ ವಿಳಾಸಾನೂ ಬರೆದು ಕೊಟ್ಟು ಬರ್ತೀನಿ."